ಬಸ್ಸಿನ ಹಾಡಿಗೆ ಒಂದು ಆಪ್, ಅಮ್ಮನ ಗುನುಗಿಗೆ ಇನ್ನೊಂದು, ಆಟದ ಪದಕ್ಕೆ?

ಪ್ರಶ್ನೆ: ನಮ್ಮ ಮನೆ ಪೆರ್ಲದ ಹತ್ತಿರ. ಕೆಲಸಕ್ಕೆ ದಿನಾ ಬಸ್ಸಿನಲ್ಲಿ ಕಾಸರಗೋಡಿಗೆ ಹೋಗಿ ಬರುತ್ತೇನೆ. ಬಸ್ಸಿನಲ್ಲಿ ಕನ್ನಡ, ಮಲಯಾಳಂ, ತುಳು ಎಲ್ಲಾ ಹಾಡು ಹಾಕುತ್ತಾರೆ, ಇಷ್ಟ ಆದದ್ದು ಯಾವುದೆಂದು ಗೊತ್ತಾಗುವುದಿಲ್ಲ. ಅಮ್ಮ ಒಂದು ಹಳೆಯ ಹಾಡನ್ನು ಯಾವಾಗಲೂ ಗುನುಗುತ್ತಾರೆ, ಅದರ ಮಾತು ಅವರಿಗೇ ನೆನಪಿಲ್ಲ. ಯಕ್ಷಗಾನ ಆಟದಲ್ಲಿ ಭಾಗವತರು ಹಾಡಿದ ಒಂದು ಪದವನ್ನೂ ಹುಡುಕಬೇಕಿತ್ತು. ಹಾಡು ಗುರುತಿಸಲಿಕ್ಕೆ ಶಜಾಮ್, ಸೌಂಡ್‌ಹೌಂಡ್, ಗೂಗಲ್ ಇವುಗಳಲ್ಲಿ ಯಾವ ಆಪ್ ಒಳ್ಳೆಯದು ಸರ್? ನನ್ನದು ಸಾದಾ ಆಂಡ್ರಾಯ್ಡ್ ಫೋನ್, ಜಾಗ ಕಡಿಮೆ. ತಂಗಿಯದ್ದು ಐಫೋನ್.

ಉತ್ತರ: ನೀವು ಕೇಳಿದ್ದು ಒಂದು ಪ್ರಶ್ನೆ ಅಲ್ಲ, ಮೂರು. ಬಸ್ಸಿನ ಹಾಡು, ಅಮ್ಮನ ಗುನುಗು, ಆಟದ ಪದ. ಮೂರಕ್ಕೂ ಒಂದೇ ಆಪ್ ಹುಡುಕಿದರೆ ನೀವು ಬೇಜಾರು ಮಾಡಿಕೊಳ್ಳುವುದೇ ಸೈ. ಹಾಗಾಗಿ ಯಾವ ಆಪ್ ಒಳ್ಳೆಯದು ಅನ್ನುವುದನ್ನು ಸ್ವಲ್ಪ ಬದಿಗಿಡಿ. ಕಿವಿಗೆ ಬಿದ್ದದ್ದು ಎಂತದು ಅನ್ನುವುದು ಮೊದಲು.

ಫೋನ್ ರಿಪೇರಿಗೆ ಇಳಿಯುವ ಮೊದಲು ನಾನು ಕುಂಬಳೆಯಲ್ಲಿ ಒಂದು ಕ್ಯಾಸೆಟ್ ಅಂಗಡಿಯಲ್ಲಿದ್ದೆ. ಜನ ಚೀಟಿಯಲ್ಲಿ ಹಾಡಿನ ಪಟ್ಟಿ ಬರೆದು ತರುತ್ತಿದ್ದರು, ಖಾಲಿ ಕ್ಯಾಸೆಟಿಗೆ ತುಂಬಿಸಿ ಕೊಡುವುದು ನಮ್ಮ ಕೆಲಸ. ಪ್ರತಿ ಚೀಟಿಯಲ್ಲೂ ಹೆಸರು ಗೊತ್ತಿಲ್ಲದ ಹಾಡು ಒಂದಾದರೂ ಇರುತ್ತಿತ್ತು. ಆಗ ಗಿರಾಕಿ ಆಚೆ ಈಚೆ ನೋಡಿ, ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ನಾಚಿಕೊಂಡು ಎರಡು ಸಾಲು ಗುನುಗುತ್ತಿದ್ದರು. ಕೆಲವರು ಹಾಡಿನ ಮಾತು ಬಿಟ್ಟು ನಡುವಿನ ಕೊಳಲನ್ನು ಬಾಯಲ್ಲೇ ನುಡಿಸಿ ತೋರಿಸುತ್ತಿದ್ದರು. ಸರಿಯಾಗಿ ಹೇಳಿದರೆ ಒಂದು ಚಹಾ ಸಿಗುತ್ತಿತ್ತು. ಆ ಕಾಲದಲ್ಲಿ ಆಪ್ ಅಂದರೆ ನಾವೇ ಮಾರಾಯ್ರೇ.

ಈಗ ಬಸ್ಸಿನ ಹಾಡು. ಇದು ಮೂರರಲ್ಲಿ ಸುಲಭದ್ದು. ಸ್ಪೀಕರಿನಲ್ಲಿ ಬರುವುದು ಎಲ್ಲೋ ಸ್ಟುಡಿಯೋದಲ್ಲಿ ರೆಕಾರ್ಡ್ ಆದ, ಮಾರುಕಟ್ಟೆಗೆ ಬಂದ ಹಾಡು. ಅದು ಇಲ್ಲಿ ನುಡಿದರೂ ಅದೇ, ಮುಂಬೈಯಲ್ಲಿ ನುಡಿದರೂ ಅದೇ. ಇಂಥದ್ದಕ್ಕೆ ಶಜಾಮ್ ಹಾಕಿ, ಕಣ್ಣು ಮುಚ್ಚಿ ಹಾಕಿ. ಇದು ಹೊಸದೇನಲ್ಲ. 1999ರಲ್ಲಿ ಶುರುವಾದ ಕಂಪೆನಿ, 2002ರಲ್ಲಿ ಬ್ರಿಟನ್ನಿನಲ್ಲಿ ಸೇವೆ ಕೊಡಲು ಹೊರಟಾಗ ಈಗಿನಂಥ ಸ್ಮಾರ್ಟ್‌ಫೋನೂ ಇರಲಿಲ್ಲ, ಆಪೂ ಇರಲಿಲ್ಲ. 2580 ನಂಬರಿಗೆ ಫೋನ್ ಮಾಡಿ, ಹಾಡು ಬರುವ ಕಡೆಗೆ ಫೋನ್ ಹಿಡಿಯಬೇಕಿತ್ತು, ಸ್ವಲ್ಪ ಹೊತ್ತಿಗೆ ಕಾಲ್ ತಾನಾಗಿ ಕಟ್ಟಾಗುತ್ತಿತ್ತು, ಆಮೇಲೆ ಹಾಡಿನ ಹೆಸರು ಮೆಸೇಜಿನಲ್ಲಿ ಬರುತ್ತಿತ್ತು. ಹಳೆಯ ಬಟನ್ ಫೋನ್ ಮನೆಯಲ್ಲಿದ್ದರೆ ನೋಡಿ, 2, 5, 8, 0 ಮಧ್ಯದ ಸಾಲಿನಲ್ಲಿ ಮೇಲಿನಿಂದ ಕೆಳಗೆ ಸಾಲಾಗಿ ಇವೆ, ಕತ್ತಲಲ್ಲೂ ಒತ್ತಬಹುದು. 2008ರಲ್ಲಿ ಐಫೋನಿಗೆ ಆಪ್ ಆಗಿ ಬಂತು. 2018ರಲ್ಲಿ ಆಪಲ್ ಕೊಂಡುಕೊಂಡಿತು, ಆಮೇಲೆ ಜಾಹೀರಾತೂ ಹೋಯಿತು. ಆಪಲ್ ಕೈಗೆ ಹೋದರೂ ಆಂಡ್ರಾಯ್ಡಿಗೆ ಉಚಿತವಾಗಿಯೇ ಉಂಟು.

ಬಸ್ಸಿನ ಇಂಜಿನ್ ಸದ್ದು, ಕಂಡಕ್ಟರಿನ ವಿಸಿಲ್, ಹಿಂದಿನ ಸೀಟಿನ ಮಾತು, ಇಷ್ಟರ ನಡುವೆ ಅದಕ್ಕೆ ಹಾಡು ಹೇಗೆ ತಿಳಿಯುತ್ತದೆ ಎಂದು ಅಂಗಡಿಗೆ ಬಂದವರು ಕೇಳುತ್ತಾರೆ. ಪೊಸಡಿ ಗುಂಪೆ ಗುಡ್ಡ ಹತ್ತಿದ್ದೀರಲ್ವಾ? ರಾತ್ರಿ ಮೇಲೆ ನಿಂತು ಕೆಳಗೆ ನೋಡಿ. ಮಂಜು ಬಿದ್ದರೆ ಸಣ್ಣ ದೀಪ ಎಲ್ಲ ಮಾಯ, ದೊಡ್ಡ ದೀಪ ಮಾತ್ರ ಕಾಣುತ್ತದೆ. ಆದರೂ ಆ ನಾಲ್ಕು ದೊಡ್ಡ ದೀಪ ಒಂದರಿಂದ ಒಂದು ಎಷ್ಟು ದೂರ, ಯಾವ ಓರೆಯಲ್ಲಿ ಇವೆ ಎಂದು ನೋಡಿ ಊರಿನವರು ಇದು ಇಂಥ ಕಡೆ ಎಂದು ಹೇಳಿಬಿಡುತ್ತಾರೆ. ಶಜಾಮ್ ಮಾಡುವುದೂ ಅದನ್ನೇ. ಹಾಡಿನಲ್ಲಿ ಯಾವ ಕ್ಷಣದಲ್ಲಿ ಯಾವ ಸ್ವರ ಜೋರಾಗಿದೆ ಎಂಬ ಚುಕ್ಕೆಗಳನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಎಸೆಯುತ್ತದೆ. ಎರಡೆರಡು ಚುಕ್ಕೆ ಜೋಡಿಸಿ, ಇದರ ಎತ್ತರ ಇಷ್ಟು, ಅದರ ಎತ್ತರ ಇಷ್ಟು, ನಡುವಿನ ಸಮಯ ಇಷ್ಟು ಎಂದು ಒಂದು ಸಂಖ್ಯೆ ಮಾಡುತ್ತದೆ. ಇಂಥ ಸಂಖ್ಯೆಗಳ ಸರ ಭಂಡಾರದಲ್ಲಿರುವ ಯಾವ ಹಾಡಿನ ಜೊತೆ ಅದೇ ಕ್ರಮದಲ್ಲಿ ಕೂಡಿ ಬರುತ್ತದೋ ಅದೇ ಉತ್ತರ. ಕಂಪೆನಿ ಕಟ್ಟಿದ ನಾಲ್ವರಲ್ಲಿ ಒಬ್ಬರಾದ ಏವರಿ ವಾಂಗ್ 2003ರಲ್ಲೇ ಈ ವಿಧಾನವನ್ನು ಪ್ರಬಂಧವಾಗಿ ಬರೆದಿದ್ದಾರೆ, ಗುಟ್ಟೇನೂ ಅಲ್ಲ. ಕಂಡಕ್ಟರ್ ವಿಸಿಲ್ ಹಾಕಿದರೆ ಹೊಸದಾಗಿ ಕೆಲವು ಚುಕ್ಕೆ ಸೇರುತ್ತವೆ, ಕೆಲವು ಮುಚ್ಚಿಹೋಗುತ್ತವೆ, ಆದರೆ ಉಳಿದವು ಸಾಕು.

ಆದರೆ ಚುಕ್ಕೆಗಳ ಜಾಗ ಕದಲಿದರೆ ಕಥೆ ಮುಗಿಯಿತು. ಅದೇ ಗಾಯಕ ಅದೇ ಹಾಡನ್ನು ವೇದಿಕೆಯಲ್ಲಿ ಹಾಡಿದರೆ ಶಜಾಮ್‌ಗೆ ಅದು ಬೇರೆಯೇ. ಮದುವೆ ಮನೆಯ ಆರ್ಕೆಸ್ಟ್ರಾ ಹತ್ತಿರ ಫೋನ್ ಹಿಡಿದು ನಿಂತವರನ್ನು ನೋಡಿದ್ದೇನೆ. ಸುಮ್ನೆ ಬ್ಯಾಟರಿ ದಂಡ. ರೀಲ್ಸಿನಲ್ಲಿ ವೇಗ ಹೆಚ್ಚಿಸಿ ಓಡಿಸಿ ಹಾಕಿದ ಹಾಡೂ ಹೀಗೇ, ಆ ಓಡಿಸಿದ ರೂಪವನ್ನೇ ಯಾರಾದರೂ ಬೇರೆಯಾಗಿ ಬಿಡುಗಡೆ ಮಾಡಿದ್ದರೆ ಸಿಗಬಹುದು, ಇಲ್ಲದಿದ್ದರೆ ಇಲ್ಲ.

ನಮ್ಮ ಕಡೆಯವರಿಗೆ ಒಂದು ವಿಶೇಷ ತೊಂದರೆ ಉಂಟು, ಬೆಂಗಳೂರಿನವರು ಇದನ್ನು ಅಷ್ಟು ಹೇಳುವುದಿಲ್ಲ. ಈಗ ದೊಡ್ಡ ಸಿನಿಮಾಗಳು ನಾಲ್ಕೈದು ಭಾಷೆಯಲ್ಲಿ ಒಟ್ಟಿಗೆ ಬರುತ್ತವೆ. ವಾದ್ಯ ಎಲ್ಲ ಒಂದೇ, ಹಾಡುವವರ ದನಿ ಮತ್ತು ಮಾತು ಮಾತ್ರ ಬೇರೆ. ನೀವು ಬಸ್ಸಿನಲ್ಲಿ ಕನ್ನಡದ್ದನ್ನು ಕೇಳುತ್ತಿದ್ದೀರಿ, ಫೋನ್ ತೆಲುಗು ಹೆಸರು ತೋರಿಸುತ್ತದೆ. ಆಪ್ ಹಾಳಾಗಿದೆ ಎಂದು ತೆಗೆದು ಬಿಸಾಡಬೇಡಿ. ನೀವು ಬಟನ್ ಒತ್ತಿದ್ದು ವಾದ್ಯ ಮಾತ್ರ ನುಡಿಯುವಾಗ. ಆ ತುಂಡು ಐದು ಭಾಷೆಯಲ್ಲೂ ಒಂದೇ ಆದರೆ ಅದಕ್ಕೆ ಯಾವುದನ್ನು ಹೇಳಿದರೂ ಸರಿಯೇ ಅಲ್ವಾ? ದನಿ ಶುರುವಾಗುವವರೆಗೆ ಕಾಯಿರಿ, ಪಲ್ಲವಿ ಬಂದಾಗ ಒತ್ತಿ. ಆಗಲೂ ತಪ್ಪಾದರೆ ಸಿನಿಮಾದ ಹೆಸರಂತೂ ಸಿಕ್ಕಿತಲ್ಲ, ಅದರ ಮುಂದೆ ಕನ್ನಡ ಎಂದು ಸೇರಿಸಿ ಯೂಟ್ಯೂಬಿನಲ್ಲಿ ಹುಡುಕಿದರೆ ಕೆಲಸ ಆಯಿತು.

ದಾರಿಯಲ್ಲಿ ಸಿಗ್ನಲ್ ಹೋಗುತ್ತದೆ ಎಂಬ ಚಿಂತೆ ಬೇಡ. ನೆಟ್ ಇಲ್ಲದಿದ್ದರೂ ಶಜಾಮ್ ಬಟನ್ ಒತ್ತಿ ಇಡಿ. ಅದು ಚುಕ್ಕೆಗಳನ್ನು ಉಳಿಸಿಕೊಂಡು, ಬದಿಯಡ್ಕದಲ್ಲೋ ಕಾಸರಗೋಡಿನಲ್ಲೋ ನೆಟ್ ಬಂದಾಗ ಹೆಸರು ಹುಡುಕಿಡುತ್ತದೆ. ನನಗೆ ಇದೊಂದೇ ಕಾರಣ ಸಾಕು, ಬಸ್ಸಿಗೆ ಶಜಾಮ್ ಎಂದು ಹೇಳಲಿಕ್ಕೆ.

ತಂಗಿಯ ಐಫೋನಿಗೆ ಆಪ್ ಹಾಕುವುದೇ ಬೇಡ. 2020ರಲ್ಲಿ ಬಂದ ಐಒಎಸ್ 14.2ರಿಂದ ಈಚೆಗೆ ಕಂಟ್ರೋಲ್ ಸೆಂಟರಿಗೆ ಶಜಾಮ್ ಬಟನ್ ಸೇರಿಸಿಕೊಳ್ಳಬಹುದು. ಇಯರ್‌ಫೋನ್ ಹಾಕಿಕೊಂಡು ಫೋನಿನೊಳಗೇ ನುಡಿಯುತ್ತಿರುವ ಹಾಡನ್ನೂ ಅದು ಹೇಳುತ್ತದೆ.

ಇನ್ನು ಅಮ್ಮನ ಹಾಡು. ಇಲ್ಲಿ ಶಜಾಮ್ ಬಿಡಿ, ಅದಕ್ಕೆ ಗುನುಗು ಹಿಡಿಸುವುದಿಲ್ಲ. ಅಮ್ಮನ ಶ್ರುತಿ ಬೇರೆ, ಲಯ ಬೇರೆ, ಚುಕ್ಕೆ ಒಂದೂ ಕೂಡಿ ಬರುವುದಿಲ್ಲ. ಇಲ್ಲಿ ಬೇಕಾದದ್ದು ಸ್ವರ ಎಷ್ಟು ಏರಿತು, ಎಷ್ಟು ಇಳಿಯಿತು, ಎಲ್ಲಿ ನಿಂತಿತು ಎಂಬ ಗೆರೆ ಮಾತ್ರ. ಅದನ್ನು ಹಿಡಿಯುವ ಆಪುಗಳಲ್ಲಿ ಹಳೆಯ ಹೆಸರು ಸೌಂಡ್‌ಹೌಂಡ್. 2007ರಲ್ಲಿ ಅವರು ಮಿಡೊಮಿ ಎಂಬ ತಾಣ ಮಾಡಿದ್ದರು. ಅಲ್ಲಿ ಜನ ತಾವೇ ಹಾಡಿ ಗುನುಗಿ ತುಂಬಿಸಿದ್ದರು, ನೀವು ಗುನುಗಿದ್ದನ್ನು ಬೇರೆಯವರು ಗುನುಗಿದ್ದರ ಜೊತೆ ಹೋಲಿಸುವುದು. ಬುದ್ಧಿವಂತಿಕೆಯ ಉಪಾಯ. ಆದರೆ ಅಮ್ಮನ ಕಾಲದ ಕನ್ನಡ ಹಾಡನ್ನು ಅಲ್ಲಿ ಕೂತು ಗುನುಗಿದವರು ಎಷ್ಟು ಜನ ಇದ್ದಾರು ಹೇಳಿ? ನಾನು ಹಿಂದಿ, ಇಂಗ್ಲಿಷ್ ಹಾಡು ಗುನುಗಿದಾಗ ಸೌಂಡ್‌ಹೌಂಡ್ ಪರವಾಗಿಲ್ಲ, ಕನ್ನಡಕ್ಕೆ ಬಂದರೆ ತಡಕಾಡುತ್ತದೆ. ಉಚಿತದ್ದರಲ್ಲಿ ಜಾಹೀರಾತೂ ಉಂಟು. ಜಾಗ ಕಡಿಮೆ ಇರುವ ಫೋನಿಗೆ ನಾನಾದರೆ ಹಾಕುವುದಿಲ್ಲ.

ಗೂಗಲ್ 2020ರ ಅಕ್ಟೋಬರಿನಲ್ಲಿ ಗುನುಗಿ ಹುಡುಕುವ ಸೌಲಭ್ಯ ಕೊಟ್ಟಿತು. ಅದು ನಿಮ್ಮ ಫೋನಿನಲ್ಲಿ ಆಗಲೇ ಉಂಟು, ಹೊಸದಾಗಿ ಏನೂ ಇಳಿಸಬೇಡಿ. ಗೂಗಲ್ ಆಪ್ ತೆರೆದು ಮೈಕಿನ ಗುರುತು ಒತ್ತಿದರೆ ಹಾಡು ಹುಡುಕುವ ಬಟನ್ ಕಾಣುತ್ತದೆ, ಫೋನಿನಿಂದ ಫೋನಿಗೆ ಜಾಗ ಸ್ವಲ್ಪ ಆಚೀಚೆ ಆಗುತ್ತದೆ. ಹತ್ತು ಹದಿನೈದು ಸೆಕೆಂಡು ಗುನುಗಿದರೆ ಸಾಕು. ವಾದ್ಯ, ದನಿಯ ಗುಣ ಎಲ್ಲ ಕಳೆದು ರಾಗದ ಗೆರೆ ಮಾತ್ರ ಉಳಿಸಿಕೊಂಡು, ಸ್ಟುಡಿಯೋ ಹಾಡುಗಳಿಂದಲೂ ಅಂಥದೇ ಗೆರೆ ತೆಗೆದು ಹೋಲಿಸುತ್ತದೆ. ಹಾಗಾಗಿ ಯಾರೂ ಮೊದಲೇ ಗುನುಗಿಡಬೇಕೆಂದಿಲ್ಲ. ನಮ್ಮಂಥ ಸಣ್ಣ ಭಾಷೆಯವರಿಗೆ ಇದೇ ದೊಡ್ಡ ಲಾಭ.

ಅಮ್ಮನಿಂದ ಗುನುಗಿಸುವಾಗ ಎರಡು ವಿಷಯ ನೋಡಿಕೊಳ್ಳಿ. ಅರ್ಧ ಮಾತು ಅರ್ಧ ಗುನುಗು ಬೇಡ, ಲ ಲ ಲ ಎಂದು ಕೊನೆಯವರೆಗೆ ಒಂದೇ ಹದದಲ್ಲಿ ಹೋಗಲಿ. ಮತ್ತೆ ಪಲ್ಲವಿಯನ್ನೇ ಗುನುಗಲಿ. ಅಮ್ಮಂದಿರು ಗುನುಗುವಾಗ ಪಲ್ಲವಿ ಅರ್ಧಕ್ಕೆ ಬಿಟ್ಟು ಚರಣಕ್ಕೆ ಹಾರಿ ಆಮೇಲೆ ಬೇರೆ ಹಾಡಿಗೇ ಹೋಗಿರುತ್ತಾರೆ, ನಮ್ಮ ಮನೆಯಲ್ಲಂತೂ ಹಾಗೆ. ಫೋನ್ ತೋರಿಸಿ ಈಗ ಹಾಡು ಅಂದರೆ ದನಿಯೇ ಹೊರಡುವುದಿಲ್ಲ. ಅವರು ಪಾತ್ರೆ ತೊಳೆಯುವಾಗ ಗೊತ್ತಾಗದ ಹಾಗೆ ರೆಕಾರ್ಡ್ ಮಾಡಿಟ್ಟು, ಆಮೇಲೆ ನೀವೇ ಅದನ್ನು ಕಲಿತು ಗುನುಗುವುದು ಒಳ್ಳೆಯದು.

ಉತ್ತರದ ಜೊತೆ ಎಷ್ಟು ಹೋಲುತ್ತದೆ ಎಂದು ಗೂಗಲ್ ಶೇಕಡಾ ಲೆಕ್ಕ ತೋರಿಸುತ್ತದೆ. ಮೊದಲಿನದ್ದನ್ನು ಮಾತ್ರ ನೋಡಿ ಬಿಡಬೇಡಿ, ಕೆಳಗಿನದ್ದನ್ನೂ ಒತ್ತಿ ಕೇಳಿ. ಕನ್ನಡ ಹಾಡು ಗುನುಗಿದರೆ ತಮಿಳೋ ಹಿಂದಿಯೋ ಬಂದಾಗ ತಪ್ಪು ಎಂದು ನಗಬೇಡಿ, ಒಮ್ಮೆ ಕೇಳಿ. ಹಳೆಯ ಸಿನಿಮಾ ಸಂಗೀತದಲ್ಲಿ ಒಂದೇ ಧಾಟಿ ಗಡಿ ದಾಟಿ ಎರಡು ಮೂರು ಭಾಷೆಯಲ್ಲಿ ಸಂಸಾರ ಮಾಡಿದ್ದು ಬೇಕಾದಷ್ಟು ಉಂಟು. ಆ ಬೇರೆ ಭಾಷೆಯ ಹಾಡಿನ ಕೆಳಗೆ ಇದರ ಕನ್ನಡ ರೂಪ ಇಂಥದ್ದು ಎಂದು ಯಾರಾದರೂ ಬರೆದಿರುವ ಸಾಧ್ಯತೆ ಜಾಸ್ತಿ.

ಹಾಡಿನ ಎರಡೇ ಎರಡು ಶಬ್ದ ನೆನಪಿದ್ದರೆ ಆಪ್ ಎಲ್ಲ ಬದಿಗಿಡಿ. ಕನ್ನಡ ಅಕ್ಷರದಲ್ಲಿ ಆ ಶಬ್ದ ಹಾಕಿ ಹುಡುಕಿ, ಸಿಗದಿದ್ದರೆ ಇಂಗ್ಲಿಷ್ ಅಕ್ಷರದಲ್ಲಿ ಅದನ್ನೇ ಹಾಕಿ, ಯಾಕೆಂದರೆ ಹಾಡು ಏರಿಸಿದವರು ಹೆಸರನ್ನು ಹೇಗೆ ಬರೆದಿದ್ದಾರೆಂದು ಹೇಳಲಾಗುವುದಿಲ್ಲ. ಮಲಯಾಳಂ ಹಾಡಿಗೆ ಇನ್ನೊಂದು ಉಪಾಯ. ನಮ್ಮಲ್ಲಿ ಎಷ್ಟೋ ಜನರಿಗೆ ಮಲಯಾಳಂ ಕೇಳಿದರೆ ಪೂರಾ ತಿಳಿಯುತ್ತದೆ, ಬೋರ್ಡ್ ಓದಲಿಕ್ಕೆ ಬರುವುದಿಲ್ಲ. ಕೀಬೋರ್ಡಿಗೆ ಮಲಯಾಳಂ ಸೇರಿಸಿ, ಮೈಕ್ ಒತ್ತಿ ಸಾಲನ್ನು ಬಾಯಲ್ಲಿ ಹೇಳಿ. ಅಕ್ಷರ ಅದೇ ಬರೆದುಕೊಳ್ಳುತ್ತದೆ, ಹುಡುಕುವುದಷ್ಟೇ ನಿಮ್ಮ ಕೆಲಸ.

ಗೂಗಲಿನ ಪಿಕ್ಸೆಲ್ ಫೋನಿನವರು ಒಬ್ಬರು ಅಂಗಡಿಯಲ್ಲಿ ಜಂಬದಿಂದ ತೋರಿಸಿದರು, ಪರದೆ ಮೇಲೆ ತಾನಾಗಿ ಹಾಡಿನ ಹೆಸರು ಬರುತ್ತಿತ್ತು. 2017ರ ಪಿಕ್ಸೆಲ್ 2ರಿಂದ ಆ ಸೌಲಭ್ಯ ಉಂಟು. ಜನಪ್ರಿಯ ಹಾಡುಗಳ ಗುರುತನ್ನು ಫೋನಿನೊಳಗೇ ಇಟ್ಟುಕೊಂಡು ನೆಟ್ ಇಲ್ಲದೆ ಹೇಳುತ್ತದೆ. ಚೆಂದ. ಅಷ್ಟಕ್ಕಾಗಿ ಫೋನ್ ಬದಲಿಸುವುದು ಬೇಡ.

ಈಗ ಆಟದ ಪದ. ಇಲ್ಲಿ ನನಗೆ ಬರೆಯಲಿಕ್ಕೆ ಆಸೆ ಜಾಸ್ತಿ, ಕ್ಷಮಿಸಿ. ನೀವು ಶಜಾಮ್ ಹಿಡಿದಿರಿ, ಏನೂ ಬರಲಿಲ್ಲ ಎಂದಿಟ್ಟುಕೊಳ್ಳಿ. ಬರುವುದೂ ಇಲ್ಲ. ಭಾಗವತರು ಇವತ್ತು ಹಾಡಿದ ಹಾಗೆ ನಾಳೆ ಹಾಡುವುದಿಲ್ಲ. ವೇಷಧಾರಿ ಕುಣಿತ ಎಳೆದರೆ ಪದವನ್ನೂ ಎಳೆಯುತ್ತಾರೆ, ಚೆಂಡೆ ಏರಿದರೆ ದನಿಯೂ ಏರುತ್ತದೆ. ರೆಕಾರ್ಡ್ ಅಲ್ಲದ್ದಕ್ಕೆ ಚುಕ್ಕೆ ಎಲ್ಲಿಂದ ಬರಬೇಕು? ಸರಿ, ಗೂಗಲಿಗೆ ಗುನುಗೋಣ ಎಂದರೆ ಅಲ್ಲಿ ಇನ್ನೂ ದೊಡ್ಡ ತೊಡಕು. ಯಕ್ಷಗಾನದಲ್ಲಿ ಒಂದು ಮಟ್ಟು, ಅಂದರೆ ಧಾಟಿ, ಅದಕ್ಕೆ ಒಂದೇ ಪದ ಅಂತ ಇಲ್ಲ. ಅದೇ ಮಟ್ಟು, ಅದೇ ತಾಳದಲ್ಲಿ ಒಂದು ಪ್ರಸಂಗದಲ್ಲಿ ರಾಮ ಮಾತಾಡುತ್ತಾನೆ, ಇನ್ನೊಂದರಲ್ಲಿ ಕೌರವ. ಪ್ರಸಂಗ ಬರೆದವರು ಕಣ್ಣ ಮುಂದೆ ಮಟ್ಟು ಇಟ್ಟುಕೊಂಡು ಅದಕ್ಕೆ ಮಾತು ಕೂರಿಸಿದ್ದಾರೆ. ಪ್ರಸಂಗ ಬರೆದ ನಮ್ಮ ಕುಂಬಳೆಯ ಪಾರ್ತಿಸುಬ್ಬನ ಕಾಲದಿಂದಲೂ ನಡೆದು ಬಂದದ್ದು ಹೀಗೇ. ಆದ್ದರಿಂದ ರಾಗದ ಗೆರೆ ಹಿಡಿದು ಪದ ಕಂಡುಹಿಡಿಯುವ ಯಂತ್ರ ಎಷ್ಟೇ ಚುರುಕಾಗಲಿ, ಇದು ಇಂಥ ಮಟ್ಟು ಎಂದು ಹೇಳಬಹುದೇ ಹೊರತು ಪದ ಯಾವುದೆಂದು ಹೇಳಲಾರದು.

ಆಚೆ ಮನೆಯ ಮಾಪಿಳ್ಳೆ ಪಾಟ್ಟಿನಲ್ಲೂ (ಮಲಯಾಳಂ ಮಾತಾಡುವ ಮುಸ್ಲಿಮರ ಹಾಡು) ಇದೇ ಲೆಕ್ಕ, ಅವರು ಮಟ್ಟಿಗೆ ಇಶಲ್ ಎನ್ನುತ್ತಾರೆ. ಒಂದು ಇಶಲಿಗೆ ಎಷ್ಟೋ ಹಾಡು. ಭಜನಾ ಮಂದಿರಕ್ಕೆ ಹೋದರೆ ಎಲ್ಲಾ ತಿರುವುಮುರುವು: ದಾಸರ ಪದದ ಮಾತು ಒಂದೇ, ಆದರೆ ಪೆರ್ಲದಲ್ಲಿ ಒಂದು ರಾಗ, ಮಂಜೇಶ್ವರದಲ್ಲಿ ಇನ್ನೊಂದು, ಕ್ಯಾಸೆಟಿನಲ್ಲಿ ಮೂರನೆಯದು. ಅಲ್ಲಿ ರಾಗ ಹಿಡಿದರೆ ಕೆಡುತ್ತೀರಿ, ಮಾತು ಹಿಡಿಯಬೇಕು. ಈ ಆಪುಗಳನ್ನು ಕಟ್ಟಿದವರ ಮನಸ್ಸಿನಲ್ಲಿದ್ದದ್ದು ಒಂದು ಹಾಡಿಗೆ ಒಂದು ಧಾಟಿ, ಒಂದು ರೆಕಾರ್ಡ್ ಎನ್ನುವ ಲೆಕ್ಕ. ಸಿನಿಮಾ ಹಾಡಿಗೆ ಅದು ಸರಿ ಹೋಗುತ್ತದೆ, ನಮ್ಮ ಆಟಕ್ಕೂ ಭಜನೆಗೂ ಹೋಗುವುದಿಲ್ಲ.

ಹಾಗಾದರೆ ಎಂತ ಮಾಡುವುದು? ಪದದ ಮೊದಲ ಎರಡು ಮೂರು ಶಬ್ದ ಹಿಡಿಯಿರಿ. ಯಾವ ಪ್ರಸಂಗ, ಯಾರು ಯಾರಿಗೆ ಹೇಳುವ ಸಂದರ್ಭ ಎಂದು ಬರೆದಿಡಿ. ಪ್ರಸಂಗ ಪುಸ್ತಕಗಳಲ್ಲಿ ಪದದ ಮೇಲೆ ರಾಗ ತಾಳ ಬರೆದಿರುತ್ತದೆ, ಸ್ಕ್ಯಾನ್ ಮಾಡಿ ನೆಟ್ಟಿನಲ್ಲಿ ಹಾಕಿದವರೂ ಇದ್ದಾರೆ. ಪ್ರಸಂಗದ ಹೆಸರು ಮತ್ತು ಭಾಗವತರ ಹೆಸರು ಸೇರಿಸಿ ಯೂಟ್ಯೂಬಿನಲ್ಲಿ ಹುಡುಕಿದರೆ ಅದೇ ಪದ ಬೇರೆ ರಾತ್ರಿಯದ್ದು ಸಿಕ್ಕೀತು. ಇದೆಲ್ಲಕ್ಕಿಂತ ಬೇಗದ ದಾರಿ, ಬೆಳಗ್ಗೆ ಮಂಗಳ ಆದ ಮೇಲೆ ವೇಷ ಕಟ್ಟುವ ಚೌಕಿಗೆ ಹೋಗಿ ಕೇಳುವುದು. ಒಂದು ಪದ ಇಷ್ಟ ಆಯಿತು ಎಂದು ಕೇಳಿದವರಿಗೆ ಭಾಗವತರು ಬೈದದ್ದನ್ನು ನಾನು ಕಂಡಿಲ್ಲ.

ಇನ್ನು ರಿಪೇರಿಯವನಾಗಿ ಒಂದು ಮಾತು. ಯಾವ ಆಪ್ ಹಾಕಿದರೂ ಹಾಡು ಗುರುತಿಸುವುದಿಲ್ಲ ಎಂದು ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಆಪಿನ ತಪ್ಪೇ ಅಲ್ಲ. ಕೆಳಗೆ ಚಾರ್ಜರ್ ಹಾಕುವ ಜಾಗದ ಪಕ್ಕದಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತು ಉಂಟಲ್ಲ, ಅದು ಮೈಕ್. ಮಳೆಗಾಲದ ತೇವ, ಕಿಸೆಯ ಧೂಳು, ಎರಡೂ ಸೇರಿ ಅದು ಮುಚ್ಚಿಹೋಗಿರುತ್ತದೆ. ಇಲ್ಲದಿದ್ದರೆ ಹೊಸ ಕವರಿನಲ್ಲಿ ಆ ಜಾಗಕ್ಕೆ ತೂತೇ ಇರುವುದಿಲ್ಲ. ವಾಯ್ಸ್ ರೆಕಾರ್ಡರಿನಲ್ಲಿ ಮಾತಾಡಿ ಕೇಳಿ ನೋಡಿ. ದನಿ ಗುಹೆಯೊಳಗಿಂದ ಬಂದ ಹಾಗಿದ್ದರೆ ಮೆತ್ತಗಿನ ಬ್ರಷ್ಷಿನಿಂದ ಒರೆಸಿ. ಸೂಜಿ ಹಾಕಬೇಡಿ, ದಮ್ಮಯ್ಯ. ಸೂಜಿ ಹಾಕಿದವರಿಂದಲೇ ನನ್ನ ಅಂಗಡಿ ನಡೆಯುವುದಾದರೂ ಹೇಳುತ್ತಿದ್ದೇನೆ. ಬಸ್ಸಿನಲ್ಲಿ ಫೋನಿನ ತಲೆಯನ್ನು ಸ್ಪೀಕರಿಗೆ ತೋರಿಸುವವರೇ ಜಾಸ್ತಿ, ತಿರುಗಿಸಿ ಹಿಡಿಯಿರಿ. ಆಪಿಗೆ ಮೈಕಿನ ಅನುಮತಿ ಕೊಟ್ಟಿದ್ದೀರಾ ಎಂದೂ ನೋಡಿ.

ಶಜಾಮಿನ ಹೆಸರನ್ನು ಹೋಲುವ ಬೇರೆ ಆಪುಗಳು ಹುಡುಕಿದರೆ ರಾಶಿ ಬರುತ್ತವೆ. ನಾನೇ ಒಂದನ್ನು ಹಾಕಿ ಸಿಕ್ಕಿಬಿದ್ದೆ, ಹೆಸರು ಬೇಡ. ಮೂರು ದಿನ ಉಚಿತ ಎಂದಿತ್ತು. ಆಮೇಲೆ ವಾರ ವಾರ ದುಡ್ಡು ಕಟ್ಟಾಯಿತು, ಗೊತ್ತಾಗುವಾಗ ತಿಂಗಳು ಕಳೆದಿತ್ತು. ಆಪ್ ತೆಗೆದರೆ ಸಾಲದು, ಪ್ಲೇ ಸ್ಟೋರಿಗೆ ಹೋಗಿ ಚಂದಾ ನಿಲ್ಲಿಸಬೇಕು ಎಂದು ಆಗ ಕಲಿತೆ. ಹಾಡು ಗುರುತಿಸುವ ಆಪಿಗೆ ಮೈಕ್ ಬೇಕು, ಅಷ್ಟೇ. ನಿಮ್ಮ ಮೆಸೇಜು, ಫೋನ್ ನಂಬರುಗಳ ಪಟ್ಟಿ ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ.

ಹಾಗಾಗಿ ನಿಮ್ಮ ಫೋನಿಗೆ ಶಜಾಮ್ ಒಂದನ್ನು ಹಾಕಿ, ಗೂಗಲ್ ಇದ್ದದ್ದೇ ಇರಲಿ. ಅಮ್ಮನ ಹಾಡು ಗೂಗಲಿಗೂ ಸಿಗದಿದ್ದರೆ ಆ ಪಾತ್ರೆ ತೊಳೆಯುವಾಗಿನ ರೆಕಾರ್ಡನ್ನೇ ನನಗೆ ಕಳಿಸಿ. ಅವರು ಅದನ್ನು ಸಿನಿಮಾದಲ್ಲಿ ಕೇಳಿದ್ದೋ, ಮಂಗಳೂರು ಆಕಾಶವಾಣಿಯಲ್ಲೋ, ಶಾಲೆಯಲ್ಲಿ ಕಲಿತದ್ದೋ ಎಂದು ಕೇಳಿ ಬರೆಯಿರಿ. ಪಲ್ಲವಿ ಆದ ಮೇಲೆ ನಡುವೆ ವಾದ್ಯದ ತುಂಡು ಏನಾದರೂ ಅವರ ಬಾಯಲ್ಲಿ ಬಂದರೆ ಕತ್ತರಿಸಬೇಡಿ, ನನಗೆ ಹಾಡು ಹೊಳೆಯುವುದು ಯಾವಾಗಲೂ ಅಲ್ಲಿಂದಲೇ.